ಉದ್ದ ಹಗ್ಗ

ಎಪ್ಪತ್ತರ ದಶಕದಲ್ಲಿ ಹಿರಿಯೂರಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮಿಸ್ ಮಂಗಳೂರಿನ ಕಡೆಯವರು. ತಡವಾಗಿ ಬಂದವರನ್ನು ಎಂದೂ ಬೈದವರಲ್ಲ. ಹಗ್ಗ ಸಡಿಲಿಸುವವರಂತೆ ಎರಡೂ ಕೈ ಅಗಲಿಸಿ, "ಐ ಗಿವ್ ಯೂ ಎ ಲಾಂಗ್ ರೋಪ್" ಎಂದು ನಕ್ಕು ಒಳಗೆ ಕರೆಯುತ್ತಿದ್ದರು.

ಬಬ್ಬೂರಿನಿಂದ ನಡೆದು ಬರುತ್ತಿದ್ದ, ಕುರಿ ಸಾಕುವವರ ಮನೆಯ ಹುಡುಗಿಗೆ ಇಂಗ್ಲಿಷ್ ಹೊಸದು. ಅವಳು ತಡವಾಗಿ ಬಂದ ಒಂದು ದಿನ ಮಿಸ್ ಅವಳಿಗೆಂದು ಅಕ್ಕರೆಯಿಂದ ಕನ್ನಡದಲ್ಲೇ ಹೇಳಿದರು: "ನಿನಗೆ ಉದ್ದ ಹಗ್ಗ ಕೊಡ್ತೇನೆ, ಆಯ್ತಾ?"

ಮರುದಿನದಿಂದ ಅವಳು ಬರಲಿಲ್ಲ. ಕೆಲವು ವಾರಗಳ ಮೇಲೆ ಅವಳ ಅಪ್ಪ ಬಂದ. ಹುಡುಗಿ ಯಾಕೆ ಬರುತ್ತಿಲ್ಲವೆಂದು ಮಿಸ್ ಕೇಳಿದರು.

"ಕುರೀನ ನಾವು ಬಿಟ್ಟೇ ಮೇಯಿಸ್ತೀವ್ರಿ ಟೀಚರಮ್ಮ. ಸಂತೇಲಿ ಮಾರಿ ಕಳಿಸೋ ಕುರಿಗಷ್ಟೇ ಹಗ್ಗ. ನೀವು ಹಗ್ಗ ಕೊಡ್ತೀನಿ ಅಂದಿದ್ದಕ್ಕೆ, ಇಸ್ಕೂಲಿಂದ ಕಳಿಸ್ತಾರಂತ ಹುಡುಗಿ ಅತ್ಲು. ನಾವೂ ಹಂಗೇ ತಿಳ್ಕಂಡು ಮದುವೆ ಮಾತಾಡಿಬಿಟ್ವಿ."

"ಅಯ್ಯೋ, ಹಾಗಲ್ಲ ಮಾರಾಯ್ರೆ! ಹಗ್ಗ ಉದ್ದ ಬಿಟ್ರೆ ದನ ದೂರದವರೆಗೆ ಮೇಯ್ತದಲ್ಲ, ಹಾಗೆ. ತಡವಾದ್ರೂ ಬಾ ಅಂತ ಹೇಳಿದ್ದು!"

"ಆವತ್ತೇ ಹಿಂಗಂದಿದ್ರೆ ಆಗ್ತಿತ್ತಲ್ರೀ. ಈಗ ಎಲೆಅಡಿಕೆ ಆಗೈತೆ."

ಆಮೇಲೂ ಮಿಸ್ ಯಾರನ್ನೂ ಬೈಯಲಿಲ್ಲ. ತಡವಾಗಿ ಬಂದವರನ್ನು ಕಂಡರೆ ಕೈಗಳು ಅಭ್ಯಾಸದಂತೆ ಮೇಲೇಳುತ್ತಿದ್ದವು. ಅರ್ಧಕ್ಕೇ ನಿಲ್ಲಿಸಿ, ಸೆರಗಿನಡಿ ಬಚ್ಚಿಟ್ಟುಕೊಂಡು, "ಕಮ್ ಇನ್, ಚೈಲ್ಡ್" ಎನ್ನುತ್ತಿದ್ದರು, ಅಷ್ಟೇ. ಬಬ್ಬೂರಿನ ಹುಡುಗಿ ಕೂರುತ್ತಿದ್ದದ್ದು ನನ್ನ ಪಕ್ಕದಲ್ಲಿ. ಆ ವರ್ಷವಿಡೀ ಮಿಸ್ ಅಲ್ಲಿ ಇನ್ನೊಬ್ಬರನ್ನು ಕೂರಿಸಲಿಲ್ಲ.