ಅತ್ತೆಯ ಬಚ್ಚಲಿಗೆ ಬಿಲ್ಲೆ ಹಾಸಿದ್ದು

ಕುಷ್ಟಗಿಯ ನಮ್ಮ ಮನೆಯಲ್ಲಿ ಎರಡು ಬಚ್ಚಲಿದ್ದವು. ಹಿತ್ತಲಿನದು ಎಲ್ಲರದು. ಮಹಡಿಯ ಮೇಲಿನದು ನಮ್ಮ ಅತ್ತೆಯೊಬ್ಬರದು. ಅವರ ಕೋಣೆಗೆ ಹತ್ತಿಕೊಂಡೇ ಇತ್ತು, ಎರಡು ಮಂಚ ಹಿಡಿಸುವಷ್ಟು ಜಾಗ. ತೊಲೆಗಳ ಮೇಲೆ ಹಲಗೆ ಹಾಸಿ, ಸಂದಿಗಳಿಗೆ ಡಾಂಬರು ತುಂಬಿ, ಗೋಡೆಯಲ್ಲಿ ಒಂದು ಕಲ್ಲಿನ ತೂಬು ಇಟ್ಟಿದ್ದರು. ಮಿಂದ ನೀರು ತೂಬಿನಿಂದ ಹಿತ್ತಲಿನ ನುಗ್ಗೆ ಗಿಡದ ಬುಡಕ್ಕೆ ಬೀಳುತ್ತಿತ್ತು. ಹಲಗೆಯ ನೇರ ಕೆಳಗೆ ನಮ್ಮ ಅಡುಗೆಮನೆ.

ನಾನು ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅತ್ತೆಯ ಕಣ್ಣು ವರ್ಷದಿಂದ ವರ್ಷಕ್ಕೆ ಮಂಜಾಗುತ್ತ ಹೋಯಿತು. ಕಡೆಗೆ ಕಿಟಕಿ ಯಾವ ಕಡೆಗಿದೆ ಎಂಬುದಷ್ಟೇ ತಿಳಿಯುತ್ತಿತ್ತು. ಆದರೂ ಮಹಡಿಯ ಮೇಲೆ ಅವರು ಯಾರ ಕೈಯನ್ನೂ ಹಿಡಿದವರಲ್ಲ. ನಾನು ಬಿಸಿನೀರಿನ ಕೊಡ ಒಯ್ದಿಟ್ಟು ಬರುತ್ತಿದ್ದೆ, ಅಷ್ಟೇ. ಒಳಗಿನಿಂದ ಅಗಳಿ ಹಾಕಿಕೊಂಡು, ಸೀಗೆಪುಡಿಯ ಬಟ್ಟಲು ಎಲ್ಲಿ, ತಂಬಿಗೆ ಎಲ್ಲಿ ಎಂದು ಒಮ್ಮೆಯೂ ತಡಕಾಡದೆ ಮಿಂದು, ಸೀರೆಯ ನೆರಿಗೆ ಸರಿಮಾಡಿಕೊಂಡೇ ಹೊರಗೆ ಬರುತ್ತಿದ್ದರು.

ಒಂದು ಶ್ರಾವಣದಲ್ಲಿ ಹಲಗೆ ಪಾಚಿಗಟ್ಟಿತು. ಅತ್ತೆ ಜಾರಿ ಬಿದ್ದರು. ಮೊಣಕೈ ನೀಲಿಗಟ್ಟಿತು, ಮತ್ತೇನೂ ಆಗಲಿಲ್ಲ. ಆದರೆ ನಮ್ಮ ಮನೆಯವರು ಹೆದರಿಬಿಟ್ಟರು.

“ಇನ್ನ ಮ್ಯಾಲ ನೀ ಕೆಳಗಿನ ಖೋಲ್ಯಾಗ ಇರಬೇಕವ್ವ. ಹಿತ್ತಲ ಬಚ್ಚಲದಾಗ ಇಕಿ ನಿನ್ನ ಮೈ ತೊಳೀತಾಳ.”

“ನನ್ನ ಮೈ ನಾ ತೊಳಕೋತೀನಪ್ಪಾ. ಹಸಗೂಸೇನು ನಾನು?”

“ಮತ್ತ ಬಿದ್ದಿ ಅಂದ್ರ?”

“ಬಿದ್ರ ಏಳ್ತೀನಿ.”

“ದೀಪಾವಳಿ ತನಕ ನೋಡ್ತೀನಿ. ಅಷ್ಟರಾಗ ಆ ನೆಲ ನೆಟ್ಟಗಾಗಲಿಲ್ಲಂದ್ರ ಬಾಗಲಕ್ಕ ಮೊಳಿ ಹೊಡದುಬಿಡ್ತೀನಿ,” ಎಂದು ಅವರು ಅಂಗಡಿಗೆ ಹೋದರು. ಆ ದಿನ ಅತ್ತೆಯ ತಾಟಿನಲ್ಲಿ ಅರ್ಧ ರೊಟ್ಟಿ ಹಾಗೆಯೇ ಉಳಿಯಿತು.

ನೆಲ ಮಾಡುವವರು ಯಾರು? ತುಂಗಭದ್ರೆಗೆ ಆಣೆಕಟ್ಟು ಕಟ್ಟುವ ಕೆಲಸ ಶುರುವಾಗಿ, ಊರಿನ ಗೌಂಡಿಗಳೆಲ್ಲ ಅಲ್ಲಿಗೆ ಹೋಗಿದ್ದರು. ಸಿಮೆಂಟಂತೂ ಕಣ್ಣಿಗೆ ಬೀಳುತ್ತಿರಲಿಲ್ಲ. ಆದರೆ ಬಿಲ್ಲೆಗಳಿದ್ದವು. ಕೊಪ್ಪಳದಲ್ಲಿ ಹಳೆಯ ಬಂಗಲೆಯೊಂದನ್ನು ಕೆಡವಿದಾಗ ನಮ್ಮ ಮನೆಯವರು ಒಂದಿಷ್ಟು ನೆಲದ ಬಿಲ್ಲೆಗಳನ್ನು ತಂದು ಮಹಡಿಯ ಮೆಟ್ಟಿಲ ಕೆಳಗೆ ಪೇರಿಸಿದ್ದರು. ಅರ್ಧ ಕಪ್ಪು, ಅರ್ಧ ಬಿಳಿ. ಅವುಗಳನ್ನು ನೋಡಿದಾಗಲೆಲ್ಲ ನನಗೆ ನಾನು ಕಲಿತ ಕಾನ್ವೆಂಟಿನ ಉದ್ದನೆಯ ಪಡಸಾಲೆ ನೆನಪಾಗುತ್ತಿತ್ತು. ಶನಿವಾರ ಶನಿವಾರ ಹುಡುಗಿಯರೆಲ್ಲ ಮಂಡಿಯೂರಿ ಆ ಕಪ್ಪು ಬಿಳಿ ಚೌಕಗಳನ್ನು ಒರೆಸುತ್ತಿದ್ದೆವು. ಯಾವ ಚೌಕದ ಮೂಲೆ ಒಡೆದಿದೆ ಎಂಬುದು ಕೂಡ ನನಗೆ ಬಾಯಿಪಾಠವಾಗಿತ್ತು.

“ನಾನ ಹಾಸ್ತೀನ್ರಿ,” ಎಂದೆ.

ನಮ್ಮ ಮನೆಯವರು ನಕ್ಕರು. “ರಂಗೋಲಿ ಹಾಕಿಧಂಗ ಅಂತ ತಿಳಕೊಂಡಿ ಏನು?”

ಅತ್ತೆ ನಗಲಿಲ್ಲ. ನನ್ನ ಧ್ವನಿ ಬಂದ ಕಡೆಗೆ ಮುಖ ತಿರುಗಿಸಿದರು, ಅಷ್ಟೇ.

ಬಿಲ್ಲೆಗಳ ಬೆನ್ನಿಗೆ ಅಂಟಿದ್ದ ಹಳೆಯ ಸುಣ್ಣವನ್ನು ಕುಡಗೋಲಿನಿಂದ ಹೆರೆಯುವುದಕ್ಕೇ ನಾಲ್ಕು ಮಧ್ಯಾಹ್ನ ಹಿಡಿಯಿತು. ಆಣೆಕಟ್ಟಿಗೆ ಹೋಗಿದ್ದ ಗೌಂಡಿಯೊಬ್ಬನ ಹೆಂಡತಿ ಮನೆಯಲ್ಲಿದ್ದ ಹಳೆಯ ಕರಣಿ ತಂದುಕೊಟ್ಟು, ಸುಣ್ಣ ಮರಳು ಕಲಸಿ ಗಾರೆಯನ್ನೂ ಅರೆದುಕೊಟ್ಟಳು. ನಾನು ಕರಣಿ ಹಿಡಿದದ್ದನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡಳು. “ಯವ್ವಾರ, ಅದೇನು ರೊಟ್ಟಿ ತಿರುವೋ ಹುಟ್ಟೇನ್ರಿ? ಮೊಣಕೈ ಸಡಲ ಬಿಡ್ರಿ.”

ಹಲಗೆಯ ನಡುವೆ ಅರಿಸಿನ ಹಚ್ಚಿದ ದಾರ ಮಿಡಿದು ಗೆರೆ ಹಾಕಿದೆ. ಹಲಗೆಯ ಮೇಲೆ ಗಾರೆ, ಗಾರೆಯ ಮೇಲೆ ಬಿಲ್ಲೆ, ಒಂದು ಕಪ್ಪು, ಒಂದು ಬಿಳಿ. ಎರಡು ದಿನದಲ್ಲಿ ಮುಗಿಯಿತು. ನಮ್ಮ ಕಡೆ ಗಚ್ಚಿನ ನೆಲ ಹಾಕಿದರೆ ಸುತ್ತ ಮಣ್ಣಿನ ಒಡ್ಡು ಕಟ್ಟಿ ಏಳು ದಿನ ನೀರು ನಿಲ್ಲಿಸುವುದು ರೂಢಿ. ನಾನೂ ಹಾಗೇ ಮಾಡಿದೆ. ತೂಬಿಗೆ ಅರಿವೆ ತುರುಕಿ, ಬೆಳಿಗ್ಗೆ ಸಂಜೆ ಕೊಡಗಟ್ಟಲೆ ನೀರು ಹೊತ್ತು ತುಂಬಿಸಿದೆ. ನಿಂತ ನೀರಿನಲ್ಲಿ ಕಪ್ಪು ಬಿಳಿ ಚೌಕಗಳು ಅಲುಗುವುದನ್ನು ನೋಡುತ್ತ ಬಾಗಿಲಲ್ಲೇ ನಿಂತುಬಿಡುತ್ತಿದ್ದೆ.

ನಾಲ್ಕನೆಯ ದಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಕಾದ ಹಂಚಿನ ಮೇಲೆ ಚೊಂಯ್ ಎಂದಿತು. ಮತ್ತೊಮ್ಮೆ ಚೊಂಯ್. ತಲೆಯೆತ್ತಿ ನೋಡಿದರೆ ಹಲಗೆಯ ಸಂದಿಯಲ್ಲಿ ಬೆಳ್ಳನೆಯ ಸುಣ್ಣದ ಹನಿ ತೂಗುತ್ತಿತ್ತು.

ಮೇಲೆ ಓಡಿದೆ. ನೀರು ಕುಡಿದ ಹಲಗೆಗಳು ಉಬ್ಬಿ, ನೆಲದ ನಡುವೆ ಎಮ್ಮೆಯ ಬೆನ್ನಿನಂತೆ ಎದ್ದಿದ್ದವು. ಕಾಲಿಟ್ಟರೆ ಬಿಲ್ಲೆಗಳು ಟೊಳ್ಳಾಗಿ ಟಕಟಕ ಎನ್ನುತ್ತಿದ್ದವು. ತೂಬಿನ ಅರಿವೆ ಕಿತ್ತು ನೀರು ಬಿಟ್ಟು, ಒಂದೊಂದೇ ಬಿಲ್ಲೆ ಎತ್ತತೊಡಗಿದೆ. ಕರಣಿಯೂ ಬೇಕಾಗಲಿಲ್ಲ, ಉಗುರಿಗೇ ಎದ್ದು ಬಂದವು.

ಅತ್ತೆ ಬಂದು ಹೊಸ್ತಿಲ ಮೇಲೆ ಕುಳಿತರು. “ಎಷ್ಟು ಒಡದ್ವು?”

“ಎರಡ್ರಿ.” ಸೊರ್ ಎಂದು ಮೂಗೆಳೆದುಕೊಂಡೆ.

“ಎರಡಕ್ಕ ಅಳ್ತಾರೇನು? ಇಲ್ಲೆ ಬಾ. ಈ ಹಲಗಿ ಕೆಳಗ ಏನೈತಿ?”

“ಅಡಗಿ ಮನಿರಿ.”

“ಅಡಗಿ ಮನ್ಯಾಗ ಕುಂತಾಕಿಗೆ ಇದು ಏನಾತು?”

“ತಲಿ ಮ್ಯಾಲಿನ ಮ್ಯಾಳಗಿರಿ.”

“ಹೂಂ. ನೀ ನೆಲ ಮಾಡಿದಿ. ಇಲ್ಲೆ ಮೊದಲ ಮ್ಯಾಳಗಿ ಆಗಬೇಕು, ಆಮ್ಯಾಲ ನೆಲ.”

“ಮೊದಲ ಯಾಕ ಹೇಳಲಿಲ್ರಿ ಅತ್ತಿ?”

“ನೀ ಎಲ್ಲಿ ಕೇಳಿದಿ? ಕಲತಾಕಿ, ಗೊತ್ತಿರಬೇಕು ಅಂತ ನಾನೂ ಬಾಯಿ ಮುಚಗೊಂಡು ಕುಂತೆ.”

ಅದು ನಿಜ. ಬಿಲ್ಲೆಯ ಮೇಲಿನದೆಲ್ಲ ನನಗೆ ಗೊತ್ತಿತ್ತು. ಅದರ ಕೆಳಗೆ ಏನಿರುತ್ತದೆಂದು ಅಷ್ಟು ವರ್ಷ ಒರೆಸಿದರೂ ನಾನು ಯೋಚಿಸಿದವಳಲ್ಲ. ಹಾಗೆಯೇ ಇಪ್ಪತ್ತು ಮಳೆಗಾಲ ಈ ಮನೆಯ ಮಣ್ಣಿನ ಮಾಳಿಗೆಯನ್ನು ನಿಂತು ಮಾಡಿಸಿದವರು ನನ್ನ ಪಕ್ಕದಲ್ಲೇ ಇದ್ದಾರೆಂದೂ ಹೊಳೆದಿರಲಿಲ್ಲ.

ಹಲಗೆ ಒಣಗಲು ಹದಿನೈದು ದಿನ ಬಿಟ್ಟೆವು. ಅಷ್ಟರಲ್ಲಿ ನಮ್ಮ ಮನೆಯವರು ಕೆಳಗಿನ ಖೋಲಿಗೆ ಸುಣ್ಣ ಹಚ್ಚಿಸಿ, ಅತ್ತೆಗೆಂದು ಹೊಸ ಮಂಚ ತಂದಿಟ್ಟರು. ಅದು ಒಳಗೆ ಹೋಗುವಾಗ ಬಾಗಿಲಿಗೆ ತಾಗಿದ ಸದ್ದು ಮಹಡಿಗೂ ಕೇಳಿಸಿತು.

ಗೌಂಡಿಯ ಹೆಂಡತಿ ಹಳ್ಳದ ದಂಡೆಯಿಂದ ಎರಡು ಬುಟ್ಟಿ ಸವಳು ಮಣ್ಣು ತಂದಳು. ಮಾಳಿಗೆಯ ಮೇಲೆ ಹಾಕುವ, ನೀರನ್ನು ಕೆಳಗೆ ಬಿಡದ ಮಣ್ಣು ಅದು. ಹಲಗೆಯ ಮೇಲೆ ಮೊದಲು ಬೇವಿನ ಸೊಪ್ಪು ಹಾಸಿದೆವು. ಅದರ ಮೇಲೆ ನೆನೆಸಿ ತುಳಿದ ಮಣ್ಣನ್ನು ನಾಲ್ಕು ಬೆರಳು ದಪ್ಪ ಬಡಿದು, ಗೋಡೆಯ ಬುಡದಲ್ಲಿ ಗೇಣುದ್ದ ಮೇಲಕ್ಕೆ ಎಳೆದೆವು. “ಮಳಿಗಾಲಕ್ಕ ಹಲಗಿ ಉಬ್ಬತೈತಿ, ಬ್ಯಾಸಗಿಗೆ ಸೊರಗತೈತಿ,” ಎಂದು ಅತ್ತೆ ಹೊಸ್ತಿಲಲ್ಲಿ ಕುಳಿತೇ ಹೇಳಿದರು. “ಅದರ ಪಾಡಿಗೆ ಅದನ್ನ ಬಿಡು. ಬಿಲ್ಲಿಗೆ ಅದರ ಸುದ್ದಿ ಬ್ಯಾಡ.”

ಮಣ್ಣು ಆರಿದ ಮೇಲೆ ಇಳಿಜಾರು ನೋಡಿದ್ದೂ ಅವರೇ. ಒಂದು ತಂಬಿಗೆ ನೀರು ಚೆಲ್ಲಿಸಿ ಕಿವಿಗೊಟ್ಟರು. “ಎಡಕ್ಕ ನಿಂತೈತಿ ನೋಡು. ತೂಬಿಗೆ ಬರವಲ್ದು.” ನಾನು ಬಗ್ಗಿ ನೋಡಿದರೆ ಎಡಗಡೆ ಅಂಗೈಯಷ್ಟು ನೀರು ನಿಂತಿತ್ತು. ಅಲ್ಲಿಗಿಷ್ಟು ಮಣ್ಣು ಮೆತ್ತಿದೆ. ಆಮೇಲೆ ತೆಳ್ಳಗೆ ಗಾರೆ, ಅದರ ಮೇಲೆ ಬಿಲ್ಲೆ. ಒಡೆದ ಎರಡರ ತುಂಡುಗಳನ್ನು ಗೋಡೆಯ ಅಂಚಿಗೆ ಹೊಂದಿಸಿದೆ. ಈ ಸಲ ನೀರು ನಿಲ್ಲಿಸಲಿಲ್ಲ, ಒದ್ದೆ ಗೋಣಿತಾಟು ಹೊದಿಸಿದೆವು, ಅಷ್ಟೇ. ರೊಟ್ಟಿ ಬಡಿಯುವಾಗ ದಿನವೂ ಮೇಲೆ ನೋಡುತ್ತಿದ್ದೆ. ಹಲಗೆ ಒಣಗಿಯೇ ಇತ್ತು.

ದೀಪಾವಳಿಯ ನೀರು ತುಂಬುವ ಹಬ್ಬದ ದಿನ ನಮ್ಮ ಮನೆಯವರು ಬರಿಗಾಲಲ್ಲಿ ಬಚ್ಚಲಿಗೆ ಹೋಗಿ, ಒಂದು ಕೊಡ ನೀರು ಸುರಿದು, ಮೂಲೆಯಿಂದ ಮೂಲೆಗೆ ಹಿಮ್ಮಡಿ ಊರಿ ನಡೆದರು. ಬಾಗಿಲ ಹತ್ತಿರ ತುಸು ಎದ್ದುಕೊಂಡಿದ್ದ ಒಂದು ಬಿಲ್ಲೆಗೆ ಅವರ ಬೆರಳು ತಾಗಿತು.

“ಇದೊಂದು ಸೊಟ್ಟ ಐತಿ.”

“ಇರಲಿ ಬಿಡು. ಬಾಗಲ ಬಂತು ಅಂತ ನನಗ ಗೊತ್ತಾಗತೈತಿ,” ಎಂದರು ಅತ್ತೆ.

ನಮ್ಮ ಮನೆಯವರು ತಲೆಯಾಡಿಸಿ ಕೆಳಗೆ ಇಳಿದರು. ಸ್ವಲ್ಪ ಹೊತ್ತಿಗೆ ಹೊಸ ಮಂಚವನ್ನು ಪಡಸಾಲೆಗೆ ಎಳೆಯುವ ಸದ್ದು ಕೇಳಿಸಿತು.

ನಾನು ಬಿಸಿನೀರು ಇಟ್ಟೆ. ಅತ್ತೆ ಒಳಗೆ ಹೋಗಿ ಅಗಳಿ ಹಾಕಿಕೊಂಡರು. ನಾನು ಬಾಗಿಲ ಹೊರಗೇ ನಿಂತೆ. ಮೊದಲ ತಂಬಿಗೆ ಬಿತ್ತು, ನೀರು ಸರಾಗವಾಗಿ ತೂಬಿಗೆ ಹರಿಯಿತು. ಎರಡನೆಯದು. ಮೂರನೆಯದು ಬೀಳಲಿಲ್ಲ.

“ಹೊರಗ ನಿಂತೀಯೇನು?”

“ಇಲ್ರಿ,” ಎಂದೆ.

“ಹೋಗವಾ, ಹೋಳಿಗಿ ಹೂರಣ ಹೊತ್ತಲಿಕ್ಕತ್ತೈತಿ, ಇಲ್ಲಿಗೇ ವಾಸನಿ ಬಂತು.”

ಕೆಳಗಿಳಿದು ನೋಡಿದರೆ ಹೂರಣ ಹೊತ್ತಿರಲಿಲ್ಲ.