ಲೋಳೆ ಕೈಯ ಅತ್ರಾಸ

ಅನಂತನ ವ್ರತದ ನೈವೇದ್ಯಕ್ಕೆ ಅತ್ರಾಸ ಕರಿಯುವ ಕೆಲಸ ನಾನು ಮದುವೆಯಾಗಿ ಬಂದ ಮರುವರ್ಷದಿಂದ ನನ್ನದೇ. ಬೆಲ್ಲದ ಪಾಕದ ಹದವನ್ನು ಅತ್ತೆ ನನಗೊಬ್ಬಳಿಗೇ ಕಲಿಸಿ ಹೋಗಿದ್ದರು. ಮೂರು ವರ್ಷದ ಹಿಂದೆ ಆ ಕೆಲಸವನ್ನು ನನ್ನಿಂದ ಕಿತ್ತುಕೊಂಡವರು ನನ್ನ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ನೆಪ ನನ್ನ ದೊಡ್ಡ ಕರುಳಿನ ಹುಣ್ಣು.

ಆಗ ದಿನಕ್ಕೆ ಹತ್ತು ಹನ್ನೆರಡು ಸಲ ಓಡುತ್ತಿದ್ದೆ. ರಕ್ತ, ಜೊತೆಗೆ ಲೋಳೆ. ನಾವು ಆಮಶಂಕೆ ಎಂದೇ ತಿಳಿದಿದ್ದೆವು. ಕಮ್ಮರಡಿಯಿಂದ ಕೊಪ್ಪಕ್ಕೆ ಬಸ್ಸು ಹತ್ತಬೇಕಾದರೆ ಹಿಂದಿನ ರಾತ್ರಿಯೇ ಊಟ ಬಿಡುತ್ತಿದ್ದೆ. ಮಡಿಯಲ್ಲಿ ಅಡುಗೆ ಮಾಡುವಾಗ ಹೊರಗೆ ಹೋದರೆ, ಒಂದಕ್ಕೇ ಆಗಲಿ ಎರಡಕ್ಕೇ ಆಗಲಿ, ಮತ್ತೆ ಮಿಂದೇ ಒಳಗೆ ಬರಬೇಕು. 'ಒಂದಕ್ಕೂ' ಎಂದು ಆ ವರ್ಷ ಸೇರಿಸಿದ್ದು ವಾರಗಿತ್ತಿಯೇ. ವ್ರತದ ಬೆಳಿಗ್ಗೆ ನಾಲ್ಕು ಸಲ ತಣ್ಣೀರು ಮಿಂದೆ. ಐದನೆಯ ಸಲ ಮಿಂದು ಬರುವಾಗ ಅವರು ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತಿದ್ದರು.

"ಸಾಕು ಮಾರಾಯ್ತಿ, ಎಷ್ಟು ಮಿಂದರೆ ಎಂತ? ಲೋಳೆ ಹೋಗೋಳ ಕೈಯಲ್ಲಿ ದೇವರಿಗೆ ಎಂತ ಮಾಡ್ಸೂದು? ಅತ್ರಾಸವೂ ಲೋಳೆ ಆದೀತು!"

ಜಗಲಿಯಲ್ಲಿದ್ದ ನೆಂಟರಲ್ಲಿ ಯಾರೋ ನಕ್ಕರು. ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ನಾನು ಕಲಸಿಟ್ಟ ಹಿಟ್ಟನ್ನು ಅವರು ದನಕ್ಕೆ ಹಾಕಿಸಿ, ತಾವೇ ಅವಸರದಲ್ಲಿ ಪಾಕ ಮಾಡಿದರು. ಅತ್ರಾಸ ಒಂದೊಂದೂ ಎಣ್ಣೆಯಲ್ಲಿ ಒಡೆದು ಪುಡಿಯಾಯಿತು. ಅಷ್ಟಾದರೂ ಕರುಣಿಸಿದೆಯಲ್ಲ ಎಂದು ದೇವರಿಗೆ ಕೈಮುಗಿದೆ. ಆದರೆ ನನಗೆ ಅದು ಸಾಲದು. ಇದೇ ಬಾಗಿಲಲ್ಲಿ ನಾನು ಅವರನ್ನು ಹಿಂದಕ್ಕೆ ಕಳಿಸುವ ದಿನ ಕೊಡು ಎಂದು ಬೇಡಿಕೊಂಡೆ. ದಿನವೂ ದೀಪ ಹಚ್ಚುವಾಗ ಅದನ್ನೇ ಬೇಡಿದೆ.

ಲೋಳೆ ಒಣಗಲಿ ಎಂದು ದಾಳಿಂಬೆ ಸಿಪ್ಪೆಯ ಕಷಾಯ ಕುಡಿದೆ. ಕೊನೆಗೆ ಶಿವಮೊಗ್ಗದಲ್ಲಿ ಕ್ಯಾಮೆರಾ ಹಾಕಿ ನೋಡಿ, ಕರುಳಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಆಮಶಂಕೆಯಲ್ಲ, ಕರುಳಿನ ಹುಣ್ಣು ಎಂದು ಆಗಲೇ ತಿಳಿದದ್ದು.

"ಡಾಕ್ಟ್ರೇ, ಈ ಲೋಳೆ ಒಣಗೋಕೆ ಎಂತಾದ್ರೂ ಕೊಡಿ" ಎಂದೆ.

"ಒಣಗಿದ್ದೇ ತೊಂದರೆ ಅಮ್ಮ" ಎಂದರು ಡಾಕ್ಟರಮ್ಮ. "ಲೋಳೆ ನಿಮ್ಮ ಕಾವಲು."

ಕರುಳಿನ ಒಳಗೋಡೆಯಲ್ಲಿ ಪುಟ್ಟ ಗಿಂಡಿಯಂಥ ಕೋಶಗಳಿವೆಯಂತೆ. ಅವು ಸುರಿಸುವ ಲೋಳೆ ಗೋಡೆಗೆ ಹೊದಿಕೆಯಾಗಿ, ಮಲದ ಕ್ರಿಮಿಗಳು ತಾಗದಂತೆ ತಡೆಯುತ್ತದೆ. ಉರಿ ಹತ್ತಿದಾಗ ಗಿಂಡಿಗಳು ಇದ್ದದ್ದನ್ನೆಲ್ಲ ಸುರಿದು ಬರಿದಾಗುತ್ತವೆ; ಹೊಸವು ಹುಟ್ಟಿದರೂ ಬೇಗ ತುಂಬುವುದಿಲ್ಲ. ಹೊದಿಕೆ ತೆಳುವಾದಲ್ಲಿ ಕ್ರಿಮಿ ಗೋಡೆಗೆ ತಾಗಿ ಉರಿ ಮತ್ತೂ ಹೆಚ್ಚುತ್ತದೆ. ನಾನು ಕಂಡು ಅಸಹ್ಯಪಟ್ಟದ್ದು ಕಾದು ಸೋತ ಆ ಕಾವಲನ್ನು. ವಾರಗಿತ್ತಿ ಹಳಿದದ್ದೂ ಅದನ್ನೇ! ಅವತ್ತು ಡಾಕ್ಟರ ಮುಂದೆಯೇ ಅತ್ತುಬಿಟ್ಟೆ. ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು.

ಮಾತ್ರೆ ಒಂದು ದಿನವೂ ತಪ್ಪಿಸಲಿಲ್ಲ. ಎರಡು ಸಲ ಕಾಯಿಲೆ ಮರುಕಳಿಸಿತು. ಹೋದ ಬೇಸಿಗೆಯಲ್ಲಿ ಮತ್ತೆ ಚೂರು ತೆಗೆದು ನೋಡಿ, ಗಿಂಡಿಗಳು ಮುಕ್ಕಾಲುಪಾಲು ತುಂಬಿವೆ ಎಂದರು. ಮಾತ್ರೆ ಮಾತ್ರ ಬಿಡುವ ಹಾಗಿಲ್ಲ.

ಈ ವರ್ಷ ಅತ್ರಾಸಕ್ಕೆ ನಾನೇ ಕುಳಿತೆ. ವಾರಗಿತ್ತಿ ಹಿಟ್ಟು ತಟ್ಟಿ ಕೊಡುತ್ತಿದ್ದರು. ಬೆಳಗಿನಿಂದ ಮಧ್ಯಾಹ್ನದವರೆಗೆ ನಾನು ಒಮ್ಮೆಯೂ ಹೊರಗೆ ಹೋಗಲಿಲ್ಲ. ಅವರಿಗೆ ಬೀಪಿಗೆಂದು ನೀರು ಹೋಗುವ ಮಾತ್ರೆ ಕೊಟ್ಟಿದ್ದಾರೆ. ಮೊದಲ ಸಲ ಮೆಲ್ಲನೆ ಹೋಗಿ, ಕಾಲು ತೊಳೆದು ಬಂದರು. ನಾನು ಜಾಲರಿ ಸೌಟು ಹಿಡಿದೇ ಬಾಗಿಲಿಗೆ ಬಂದೆ.

"ಅಕ್ಕಾ, ಮಿಂದು ಬನ್ನಿ."

"ಒಂದಕ್ಕೆ ಹೋಗಿದ್ದು ಕಣೇ."

"ಒಂದಕ್ಕೂ ಅಂತ ನೀವೇ ಹೇಳಿದ್ದಲ್ವಾ?"

ಮಿಂದು ಬಂದರು. ಮತ್ತೊಮ್ಮೆ ಹೋದರು, ಮತ್ತೆ ಮಿಂದರು. ಮೂರನೆಯ ಸಲ ಹೋಗಿ ಬಂದು ಒದ್ದೆ ಕೂದಲಲ್ಲೇ ಹೊಸ್ತಿಲಾಚೆ ನಿಂತು ನನ್ನನ್ನು ದಿಟ್ಟಿಸಿದರು.

"ಸೇಡು ತೀರಿಸ್ಕಳ್ತಾ ಇದ್ದೀಯ ಅಲ್ವನೇ?"

"ಹೌದು ಅಕ್ಕಾ. ಮಿಂದು ಬನ್ನಿ, ಎಣ್ಣೆ ಕಾದಿದೆ."

ಜಗಲಿಯಲ್ಲಿ ಯಾರೋ ನಕ್ಕರು. ಕನಿಕರ ಬಂತೇ ಎಂದರೆ, ಇಲ್ಲ. ಬಚ್ಚಲಲ್ಲಿ ನೀರು ಸುರಿಯುವ ಸದ್ದು ಕೇಳುತ್ತ ಅತ್ರಾಸ ಮಗುಚಿದೆ. ಒಂದೂ ಒಡೆಯಲಿಲ್ಲ.