ಗೌಂಡಿ ಕಾಕಾನ ಕೆಂಪು ಗಂಟು

ಅವರ ಬಲಗೈ ನಡುಬೆರಳಿನ ಗೆಣ್ಣು ಉಳಿದ ಗೆಣ್ಣುಗಳಿಗಿಂತ ದಪ್ಪ. ಮೇಲಿನ ಚರ್ಮ ಒಣಗಿದ ಗಾರೆಯ ಹಾಗೆ ಬಿರುಕು ಬಿಟ್ಟಿತ್ತು. ಗಾರೆ ಕೆಲಸದಲ್ಲಿ ನಲವತ್ತು ವರ್ಷ ಅದೇ ಗೆಣ್ಣಿನಿಂದ ಗೋಡೆ ಬಡಿದು, ತಲೆ ವಾರೆ ಮಾಡಿ ಸಪ್ಪಳ ಕೇಳಿದ ಗುರುತು ಅದು. ಗೋಡೆ ಒಂದೇ ಅಲ್ಲ. ಕಲ್ಲಂಗಡಿ, ನೀರಿನ ಕೊಡ, ಬಸ್ಸಿನ ಸೀಟು, ನಮ್ಮ ಮನೆಯ ಹೊಸ ಬಾಗಿಲು, ಕಂಡದ್ದನ್ನೆಲ್ಲ ಬಡಿಯುತ್ತಿದ್ದರು. ಬಡಿದು, "ಒಳಗ ಪೊಳ್ಳು ಐತ್ರಿ" ಎಂದರೆಂದರೆ ಆ ವಸ್ತುವಿನ ಹಣೆಬರಹ ಮುಗಿಯಿತು. ನಮ್ಮ ಓಣಿಯವರೆಲ್ಲ ಅವರನ್ನು ಗೌಂಡಿ ಕಾಕಾ ಎನ್ನುತ್ತಿದ್ದರು.

ಅನುಮಾನದಲ್ಲಿ ನಾನೂ ಕಡಿಮೆಯವನಲ್ಲ. ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜೊಂದರ ಲೈಬ್ರರಿ ನೋಡಿಕೊಂಡವನು. ಅಂಗಿಯೊಳಗೆ ಪುಸ್ತಕ ಸಿಕ್ಕಿಸಿಕೊಂಡ ಹುಡುಗರನ್ನು ನಡಿಗೆಯಿಂದಲೇ ಹಿಡಿಯುತ್ತಿದ್ದೆ. ನಿವೃತ್ತಿಯಾದ ಮೇಲೆ ಹಿಡಿಯಲು ಯಾರೂ ಸಿಗದೆ, ಅಣೆಕಟ್ಟಿನ ಹಿನ್ನೀರಿನಲ್ಲಿ ಸುತ್ತಾಡಲು ಒಂದು ಹಳೆಯ ಫೈಬರ್ ದೋಣಿ ಕೊಂಡೆ. ಮಾರಿದವನು ವಿಪರೀತ ನಗುತ್ತಿದ್ದ. ಆಗಲೇ ನನಗೆ ಸಂಶಯ ಬರಬೇಕಿತ್ತು.

ಬೇಸಿಗೆಯಲ್ಲಿ ಹಿನ್ನೀರು ಸರಿದು ಹೋಗುತ್ತದೆ. ಆಗ ದೋಣಿಗೆ ಕೆಲಸವಿಲ್ಲ. ಮನೆ ಪಕ್ಕದ ಪತ್ರಾಸಿನ, ಅಂದರೆ ತಗಡಿನ, ಶೆಡ್ಡಿನಲ್ಲಿ ಇಟ್ಟಿಗೆಗಳ ಮೇಲೆ ಕೂತಿರುತ್ತದೆ. ಮೊದಲ ಬೇಸಿಗೆಯಲ್ಲೇ ಕಾಕಾ ಕರೆಯದೆ ಬಂದು ತಳವನ್ನು ಬಡಿದರು. ಮೂರು ಕಡೆ ಪೊಳ್ಳು. "ಸರ, ಇದರಾಗ ಕುಂತು ಹೋಗೂದಕ್ಕಿಂತ ಈಸಿ ಹೋಗೂದು ಚಲೋ," ಎಂದರು. ಮರುದಿನದಿಂದ ಇಬ್ಬರೂ ಸೇರಿ ದೋಣಿಯ ರಿಪೇರಿಗೆ ನಿಂತೆವು. ಹಗಲೆಲ್ಲ ಕೆಲಸ ಮಾಡಲಿ ಎಂದು ಶೆಡ್ಡಿನ ಕೀಲಿಕೈಯನ್ನು ಅವರಿಗೇ ಕೊಟ್ಟೆ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಅವರು ಇಳಿಬಿಡುತ್ತಿದ್ದ ಹಿತ್ತಾಳೆ ಗುಂಡಿನ ದಾರ ಯಾವಾಗಲೂ ಜೇಬಿನಲ್ಲಿರುತ್ತಿತ್ತು. ಅದರ ತುದಿಯ ಕುಣಿಕೆಗೆ ಕೀಲಿಕೈ ಕಟ್ಟಿಕೊಂಡರು.

ಸೀಟಿನ ಕೊಳೆತ ಹಲಗೆ ಕಿತ್ತು ಹೊಸದು ಹಾಕಿದೆವು. ತಾಡಪತ್ರಿಯಿಂದ ನೆರಳು ಮಾಡಿದೆವು. ಲಂಗರಿಗೆಂದು ನಾನು ತಂದ ಕಬ್ಬಿಣದ ಕೊಕ್ಕೆಯನ್ನು ಕಾಕಾ ನಂಬಲಿಲ್ಲ. ಕಲ್ಲೇ ಆಗಬೇಕು. ಬಾದಾಮಿ ಕಲ್ಲು ಅಡ್ಡಿಯಿಲ್ಲವೇ ಎಂದೆ. "ಮೂರ್ತಿಗೆ ಚಂದ ರೀ ಅದು, ನೀರಾಗ ಸವೀತೈತಿ," ಎಂದು ಇಳಕಲ್ಲಿಗೆ ಹೋಗಿ, ನಡುವೆ ತೂತು ಕೊರೆದ ಕೆಂಪು ಕಲ್ಲಿನ ತುಂಡೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು.

ಎಡವಟ್ಟಾದದ್ದು ತಳದ ತೇಪೆಯಲ್ಲಿ. ರಾಳ ಮತ್ತು ಗಾಜಿನ ನಾರಿನ ಬಟ್ಟೆ ಸೇರಿಸಿ, ಅಂಗಡಿಯವನು ಹೇಳಿದಂತೆ ಅಳೆದು ಸುರಿದು, ತೇಪೆ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಅದರ ಮೇಲೆ ಒದ್ದೆ ಗೋಣಿತಟ್ಟು! ಕಾಕಾ ಚೊಂಬಿನಿಂದ ನೀರು ಚಿಮುಕಿಸುತ್ತ ಕೂತಿದ್ದಾರೆ.

"ಏನ್ ಮಾಡಾಕತ್ತೀರಿ ಕಾಕಾ!"

"ಹೊಸಾ ಕೆಲಸಕ್ಕ ನೀರು ಕುಡಸಬೇಕಲ್ರಿ ಸರ. ಏಳು ದಿನ ಕುಡಸಿದ್ರ ಕಲ್ಲಾಗತೈತಿ."

ಗೌಂಡಿಯ ಪಾಲಿಗೆ ಲೋಕದಲ್ಲಿ ಗಟ್ಟಿಯಾಗುವುದೆಲ್ಲ ಸಿಮೆಂಟೇ. ನೀರು ತಾಗಿದ ರಾಳ ಗಟ್ಟಿಯಾಗದೆ ತೇಪೆ ಬೆಳ್ಳಗೆ ಬಿಳುಚಿಕೊಂಡು, ಉಗುರು ತಾಗಿಸಿದರೆ ಏಳುತ್ತಿತ್ತು. ನನಗೆ ಸಿಟ್ಟಿಗಿಂತ ಹೆಚ್ಚು ಸಂಶಯ ಬಂತು. ಇಷ್ಟು ತಿಳಿದ ಮನುಷ್ಯ ಬೇಕಂತಲೇ ಕೆಲಸ ಎಳೆಯುತ್ತಿದ್ದಾನೋ ಏನೋ?

ಆ ಸಂಶಯಕ್ಕೆ ಇನ್ನೊಂದು ಕಾರಣವಿತ್ತು. ಕಾಕಾ ಮಧ್ಯಾಹ್ನವಾದರೆ ಮಾಯ. ಗುಂಡಿನ ದಾರ, ಮಟ್ಟ ನೋಡುವ ನೀರಿನ ಪೈಪಿನ ಸುರುಳಿ, ಒಂದು ಸಣ್ಣ ಹಾರೆ ಹೆಗಲಿಗೇರಿಸಿ ಎಲ್ಲಿಗೋ ಹೋಗುತ್ತಿದ್ದರು. ಒಂದು ದಿನ ಸ್ಕೂಟರಿನಲ್ಲಿ ಹಿಂಬಾಲಿಸಿದೆ. ನೀರು ಸರಿದ ಜಾಗದಲ್ಲಿ ಮುಳುಗಡೆಯಾದ ಹಳೆಯ ಬಾಗಲಕೋಟೆ ಎದ್ದಿತ್ತು: ಮೊಣಕಾಲೆತ್ತರದ ಗೋಡೆಗಳು, ಹೊಸ್ತಿಲುಗಳು, ಕೆಸರು ತುಂಬಿದ ಓಣಿಗಳು. ಅವುಗಳಲ್ಲಿ ಎಷ್ಟೋ ಮನೆಗಳು ಕಾಕಾ ಕಟ್ಟಿದವು. ಅವರು ಒಂದೊಂದು ಗೋಡೆಯ ಬುಡ ಕೆದರುತ್ತಿದ್ದರು, ಬಡಿಯುತ್ತಿದ್ದರು, ದಾರಕ್ಕೆ ಗಂಟು ಹಾಕುತ್ತಿದ್ದರು, ಬಿಚ್ಚುತ್ತಿದ್ದರು.

ನಿಧಿ! ನನಗೆ ಬೇರೇನೂ ಹೊಳೆಯಲಿಲ್ಲ. ಯಾವ ಮನೆಯ ಯಾವ ಗೋಡೆಯಲ್ಲಿ ಏನು ಹುಗಿದಿದ್ದಾರೆಂದು ಕಟ್ಟಿದ ಗೌಂಡಿಗಲ್ಲದೆ ಯಾರಿಗೆ ಗೊತ್ತು? ನನ್ನ ದೋಣಿಯ ರಿಪೇರಿ ಬರೀ ನೆಪ. ಅಗೆದದ್ದನ್ನು ಬಚ್ಚಿಡಲು ನನ್ನ ಶೆಡ್ಡೇ ಬೇಕಾಯಿತೇ?

"ಏನ್ ಹುಡುಕಾಕತ್ತೀರಿ ಕಾಕಾ?" ಎಂದು ಹಿಂದಿನಿಂದ ಕೇಳಿದೆ.

ಬೆಚ್ಚಿದರು. ದಾರ ಜೇಬಿಗೆ ಹೋಯಿತು. "ಏನಿಲ್ಲ ಬಿಡ್ರಿ ಸರ. ಹಳೇ ಕೆಲಸ ಹೆಂಗ ನಿಂತೈತಿ ಅಂತ ನೋಡಾಕ ಬಂದಿದ್ದೆ."

ಅಂಗಿಯೊಳಗೆ ಪುಸ್ತಕವಿದ್ದ ಹುಡುಗರೂ ಹೀಗೇ "ಏನಿಲ್ಲ ಸರ" ಎನ್ನುತ್ತಿದ್ದರು. ಮರುದಿನ ಶೆಡ್ಡಿನ ಕೀಲಿಕೈ ವಾಪಸ್ ಕೇಳಿದೆ. ಸುಳ್ಳು ಕಾರಣ ಸಹ ಹೇಳಲಿಲ್ಲ. ಕಾಕಾ ಜೇಬಿನಿಂದ ದಾರ ತೆಗೆದರು. ಕುಣಿಕೆಯಿಂದ ಕೀಲಿಕೈ ಬಿಚ್ಚಿ ಕೈಗಿಟ್ಟರು.

"ಇಟಗೊಳ್ರಿ. ಆದ್ರ ನೀರು ಬಂದ ಮ್ಯಾಲ ನನ್ನ ಕೇಳದ ಒಳಗ ಹೋಗಬ್ಯಾಡ್ರಿ."

ಇದು ಬೆದರಿಕೆಯೆಂದೇ ತಿಳಿದೆ. ಉಳಿದ ಕೆಲಸ ನಾನೊಬ್ಬನೇ ಮುಗಿಸಿದೆ. ತೇಪೆಯನ್ನು ಒಣ ಜಾಗದಲ್ಲಿ ಮತ್ತೆ ಹಾಕಿದೆ.

ಮಳೆಗಾಲ ಬಂತು, ಹಿನ್ನೀರು ಏರಿತು. ಒಂದು ಬೆಳಿಗ್ಗೆ ಹೆಂಡತಿಯನ್ನು ಕರೆದುಕೊಂಡು, ಇಬ್ಬರೂ ಲೈಫ್ ಜಾಕೆಟ್ ತೊಟ್ಟು, ಹುಟ್ಟು ಹಾಕುತ್ತ ಹೊರಟೆ. ಕಾಕಾ ದಡದ ಕಟ್ಟೆಯ ಮೇಲೆ ಕೂತಿದ್ದರು. ನೋಡಿಯೂ ನೋಡದವನ ಹಾಗೆ ಮುಂದೆ ಹೋದೆ. ನೀರು ಶಾಂತವಾಗಿತ್ತು. ಕೆಳಗೇನಿದೆಯೆಂದು ಕಾಣದಷ್ಟು ಕೆಂಪಾಗಿತ್ತು. ನಲವತ್ತು ಮಾರು ಹೋಗಿರಬೇಕು, ತಳ ಕರ್ರನೆ ಉಜ್ಜಿ ದೋಣಿ ನಿಂತಿತು, ಒಂದು ಮಗ್ಗುಲಿಗೆ ವಾಲಿತು. ನನ್ನವಳು ನನ್ನ ತೋಳನ್ನು ಹಿಡಿದದ್ದು ಇನ್ನೂ ನೆನಪಿದೆ. ಅವಳಿಗೆ ಈಜು ಬರುವುದಿಲ್ಲ. ಗಾಬರಿಯಲ್ಲಿ ಹುಟ್ಟಿನಿಂದ ಮುಂದಕ್ಕೇ ತಳ್ಳಿದೆ. ದೋಣಿ ಇನ್ನಷ್ಟು ವಾಲಿ ಅಂಚಿನಿಂದ ನೀರು ಒಳಗೆ ಬಂತು.

ದಡದಿಂದ ಕಾಕಾನ ದನಿ ಕೇಳಿಸಿತು.

"ಮುಂದ ದಬ್ಬಬ್ಯಾಡ್ರಿ ಸರ! ಗಾಣದ ಮನಿ ಗ್ವಾಡಿ ಮ್ಯಾಲ ಕುಂತೀರಿ! ಹಿಂದಕ್ಕ ಸರೀರಿ! ಹಾಂ, ಈಗ ಎಡಕ್ಕ. ಅಲ್ಲಿ ಓಣಿ ಐತಿ, ಓಣಿ ಹಿಡೀರಿ!"

ಹಿಂದಕ್ಕೆ ಒತ್ತಿದೆ. ದೋಣಿ ಕಳಚಿಕೊಂಡಿತು. ಎಡಕ್ಕೆ ತಿರುಗಿಸಿದೆ. ಎದ್ದು ನಿಂತ ಕಾಕಾ ಕೈಬೀಸಿ ಬೀಸಿ, "ಸೀದಾ ಬರ್ರಿ... ಬಾವಿಕಟ್ಟಿ ಬಂತು, ಬಲಕ್ಕ ಸರೀರಿ... ಊರ ಅಗಸಿ ಬಾಗಲಾ ದಾಟಿದ್ರಿ, ಇನ್ನ ಚಿಂತಿಲ್ಲ," ಎನ್ನುತ್ತ, ಕಣ್ಣಿಗೆ ಕಾಣದ ಊರಿನ ಓಣಿಯೊಳಗೆ ನಮ್ಮನ್ನು ನಡೆಸಿಕೊಂಡು ಬಂದರು. ಒಂದು ಗೋಡೆಯೂ ತಾಗಲಿಲ್ಲ.

ದಡಕ್ಕೆ ಎಳೆದ ದೋಣಿಯ ತಳಕ್ಕೆ ಕಾಕಾ ಬಗ್ಗಿ ಟಕಟಕ ಬಡಿದರು. "ತ್ಯಾಪಿ ಗಟ್ಟಿ ಐತಿ," ಎಂದರು. ಆಮೇಲೆ ಜೇಬಿನಿಂದ ಗುಂಡಿನ ದಾರ ತೆಗೆದು ನನ್ನ ಕೈಗಿಟ್ಟರು. ಅದರಲ್ಲೀಗ ಒಂದೇ ಗಂಟಿತ್ತು, ಮೇಲೆ ಕೆಂಪು ನೂಲು ಸುತ್ತಿತ್ತು.

"ಎಲ್ಲಾ ಗ್ವಾಡಿಯೊಳಗ ಎತ್ತರದ್ದು ಯಾವುದು ಅಂತ ಈ ಕಟ್ಟಿ ಮಟ್ಟಕ್ಕ ಹಿಡದು ನೋಡೇನ್ರಿ. ಒಂದು ತಿಂಗಳು ಹಿಡೀತು. ದಿನಾ ಹೋಗೂ ಮುಂದ ಕುಣಿಕಿ ಕಟ್ಟಿ ಅಂಚಿಗೆ ಹಿಡದು, ಬಗಲಾಗ ಗುಂಡು ಇಳಿಬಿಡ್ರಿ. ಆ ಗ್ವಾಡಿ ಮಟ್ಟಕ್ಕ ಹಾಕಿದ ಈ ಕೆಂಪು ಗಂಟು ಮುಳುಗಿದ್ರ ಎಲ್ಲಿ ಬೇಕಾದಲ್ಲಿ ಹೋಗ್ರಿ. ಮುಳುಗದಿದ್ರ ದಂಡಿಗೇ ಇರ್ರಿ."

"ಆವತ್ತು ಕೇಳಿದಾಗ ಯಾಕ ಹೇಳಲಿಲ್ಲ ಕಾಕಾ?"

"ಅಳತಿ ಮುಗದಿರಲಿಲ್ರಿ. ಅರ್ಧಾ ಅಳತಿ ಹೇಳಿದ್ರ ನೀವು ಅದನ್ನ ನಂಬಿ ಹೋಗಿಬಿಡ್ತಿದ್ರಿ." ಆಮೇಲೆ ನನ್ನತ್ತ ತಿರುಗಿ, "ನಿಧಿ ತೆಗ್ಯಾಕತ್ತಾನ ಮುದುಕ ಅಂತ ತಿಳದಿದ್ರಿ, ಹೌದಿಲ್ರಿ?" ಎಂದರು.

"ಛೇ ಛೇ, ಇಲ್ರಿ," ಎಂದೆ.

ಕಾಕಾ ಹತ್ತಿರ ಬಂದು ಅದೇ ಗೆಣ್ಣಿನಿಂದ ನನ್ನ ಎದೆಯ ಮೇಲೆ ಎರಡು ಸಲ ಬಡಿದರು. ತಲೆ ವಾರೆ ಮಾಡಿದರು. "ಪೊಳ್ಳು ಸಪ್ಪಳ ಬರ್ತೈತ್ರಿ ಸರ," ಎಂದು ನಕ್ಕುಬಿಟ್ಟರು. ನನ್ನವಳೂ ನಕ್ಕಳು. ನನಗೆ ನಗಲಾಗಲಿಲ್ಲ.

ಕೀಲಿಕೈ ಆಗ ನನ್ನ ಜೇಬಿನಲ್ಲೇ ಇತ್ತು. ಕೊಟ್ಟುಬಿಡಬೇಕೆಂದು ಕೈ ಹಾಕಿದೆ, ತೆಗೆಯಲು ನಾಚಿಕೆಯಾಯಿತು. ಅದಾದ ಮೇಲೂ ಕಾಕಾ ದಿನಾ ಮನೆಗೆ ಬರುತ್ತಿದ್ದರು, ಚಹಾ ಕುಡಿಯುತ್ತಿದ್ದರು, ಹಾಲು ಕಡಿಮೆಯೆಂದು ಸಂಶಯಪಡುತ್ತಿದ್ದರು. ಕೀಲಿಕೈ ಮಾತ್ರ ಕೇಳಲಿಲ್ಲ. ಯುಗಾದಿಗೆ ದೋಣಿ ಮತ್ತೆ ಇಟ್ಟಿಗೆ ಏರುತ್ತದಲ್ಲ, ಕೆಲಸ ಶುರುವಾಗುವ ದಿನ ಸಹಜವಾಗಿ ಕೊಟ್ಟರಾಯಿತು, ಆಗ ತಪ್ಪಾಯಿತೆಂದು ಬಾಯಿಬಿಟ್ಟು ಹೇಳುವ ಕಷ್ಟವೂ ಇರುವುದಿಲ್ಲ ಎಂದು ಲೆಕ್ಕ ಹಾಕಿದೆ. ಯುಗಾದಿಗೆ ಒಂದು ತಿಂಗಳು ಮುಂಚೆ, ಬೆಳಗಿನ ಚಹಾ ಕುಡಿದು ಕಟ್ಟೆಗೆ ಒರಗಿದವರು ಮತ್ತೆ ಏಳಲಿಲ್ಲ.

ಈ ಬೇಸಿಗೆಯಲ್ಲಿ ದೋಣಿಗೆ ಕೆಲಸ ಬಹಳ ಇದೆ. ಸೀಟು ಸಡಿಲಾಗಿದೆ, ತಾಡಪತ್ರಿ ಹರಿದಿದೆ. ಮೊನ್ನೆ ಶೆಡ್ಡು ತೆಗೆದು, ಮೊಳೆಗೆ ತೂಗುಹಾಕಿದ್ದ ಗುಂಡಿನ ದಾರ ಇಳಿಸಿಕೊಂಡೆ. ಕೆಂಪು ಗಂಟು ಹಾಗೇ ಇದೆ. ತುದಿಯ ಕುಣಿಕೆ ಖಾಲಿ ಇತ್ತು. ಕೀಲಿಕೈಯನ್ನು ಅದಕ್ಕೆ ಕಟ್ಟಿದೆ. ಗಂಟು ಸರಿಯಾಗಿ ಬೀಳಲಿಲ್ಲ. ಮೂರು ಸಲ ಬಿಚ್ಚಿ ಕಟ್ಟಬೇಕಾಯಿತು.